ಸುಮಾ ಆರಿಸದೆ ಬಿಟ್ಟ ಕರ್ಪೂರ

ಅಕ್ಕ,

ಇವತ್ತು ಶ್ರಾವಣದ ಮೂರನೇ ಶನಿವಾರ. ಒಪ್ಪೊತ್ತು ಇದ್ದೇನೆ. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ, ಕೊಟ್ಟಿಗೆ ಗುಡಿಸಿ, ಎಮ್ಮೆ ಕರೆದು ಡೈರಿಗೆ ಹಾಲು ಹಾಕಿ ಬಂದೆ. ಆಮೇಲೆ ತಲೆಗೆ ನೀರು ಹಾಕಿಕೊಂಡು, ತಂಬಿಟ್ಟು ಕಟ್ಟಿ, ವೆಂಕಟರಮಣನ ಪಟಕ್ಕೆ ಆರತಿ ಬೆಳಗಿದ್ದಾಯಿತು. ಇವರಿಗೆ ಉಪವಾಸ ಆಗಿಬರುವುದಿಲ್ಲ, ನಿನಗೇ ಗೊತ್ತಲ್ಲ. ಉಪ್ಪಿಟ್ಟು ತಿಂದು ಹೊಲಕ್ಕೆ ಹೋದರು. ಅಂಗನವಾಡಿಗೆ ಇವತ್ತು ಬರುವುದಿಲ್ಲ ಅಂತ ಟೀಚರಮ್ಮನಿಗೆ ಹೇಳಿಕಳಿಸಿ, ಜಗುಲಿ ಮೇಲೆ ಕೂತು ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನ ಅಕ್ಷರ, ಹಾಗೇ ಇದೆ. ಕನ್ನಡಕ ಒಂದು ಬಂದಿದೆ ಅಷ್ಟೆ.

ನಾನು ಇವತ್ತು ಬರೆಯಬೇಕಾದದ್ದು ನಿನಗಲ್ಲ, ನಿನ್ನ ಮಗಳಿಗೆ. ಸುಮಾಳ ಕಾಗದ ಮಂಗಳವಾರ ಬಂತು. ಜಾವಗಲ್ಲಿನಲ್ಲಿ ಎಂಟು ವರ್ಷದ ಒಂದು ಹೆಣ್ಣುಮಗು ಅವರಮ್ಮನ ಹತ್ತಿರ ಒಂದು ಮಾತು ಹೇಳಿದೆ. ಆ ಮಾತು ನಮ್ಮ ತಮ್ಮ ರಂಗನ ಮೇಲೆ. ತಾಯಿ ಸ್ಟೇಷನ್ನಿಗೆ ಹೋಗಿದ್ದಾಳೆ. ಊರಿನವರು ಮಾತ್ರ, ಸ್ಟೇಷನ್ನು ಗೀಷನ್ನು ಯಾಕೆ, ಶ್ರಾವಣದ ನಾಲ್ಕನೇ ಶನಿವಾರ ಮಾಲೇಕಲ್ಲು ಬೆಟ್ಟಕ್ಕೆ ಇಬ್ಬರನ್ನೂ ಕರೆದುಕೊಂಡು ಹೋಗಿ ಆಣೆ ಮಾಡಿಸೋಣ, ಸತ್ಯ ಯಾವುದು ಅಂತ ಸ್ವಾಮಿಯೇ ತೋರಿಸಲಿ ಅಂತ ತೀರ್ಮಾನ ಮಾಡಿದ್ದಾರಂತೆ. ಸುಮಾ ಬರೆದಿದ್ದಾಳೆ: "ಚಿಕ್ಕಮ್ಮ, ನಾನು ಒಂಬತ್ತು ವರ್ಷದವಳಿದ್ದಾಗ ನಿನ್ನ ಹತ್ತಿರ ಏನು ಹೇಳಿದೆ, ನೀನು ಏನು ಮಾಡಿದೆ, ಎರಡನ್ನೂ ನಿನ್ನ ಕೈಯಲ್ಲೇ ಬರೆದುಕೊಡು. ನಾನೂ ಬಾಯಿ ಬಿಟ್ಟಿದ್ದಕ್ಕೆ, ಇಷ್ಟು ವರ್ಷ ಸುಮ್ಮನಿದ್ದು ಈಗ ಕಥೆ ಕಟ್ಟುತ್ತಾಳೆ ಅಂತಿದ್ದಾರೆ. ನಾನು ಅವತ್ತೇ ಹೇಳಿದ್ದೆ ಅನ್ನೋದು ಗೊತ್ತಿರೋದು ನಿನಗೊಬ್ಬಳಿಗೇ."

ಅದಕ್ಕೆ ಉತ್ತರ ಬರೆಯಲು ಕೂತವಳು ಮೊದಲು ನಿನಗೆ ಬರೆಯುತ್ತಿದ್ದೇನೆ. ಯಾಕೆಂದರೆ ನಿನಗೆ ಇದು ಯಾವುದೂ ಗೊತ್ತಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡವಳು ನಾನೇ.

ಸುಮಾಳ ಕಿವಿ ಚುಚ್ಚಿಸಿದ ದಿನ ನೆನಪಿದೆಯಾ? ಸೋದರಮಾವನ ತೊಡೆಯ ಮೇಲೆ ಕೂರಿಸಬೇಕು ಅಂತ ರಂಗ ಬರುವ ತನಕ ಅಕ್ಕಸಾಲಿಯನ್ನು ಕಾಯಿಸಿದೆವು. ರಂಗ ಬಿಳಿ ಪಂಚೆ ಉಟ್ಟು ಬಂದು ಕೂತ. ಮಗು ಅತ್ತಾಗ ಅವನ ಕಣ್ಣಲ್ಲೂ ನೀರು. "ಇವಳಿಗೆ ಅಪ್ಪ ಇಲ್ಲದಿದ್ದರೂ ಮಾವ ಇದಾನೆ ಬಿಡು" ಅಂದೆ ನೀನು. ಭಾವ ತೀರಿಕೊಂಡು ಆಗಿನ್ನೂ ನಾಲ್ಕು ತಿಂಗಳು. ಅವನಿಗಿಂತ ಹತ್ತಿರದವರು ಇನ್ನು ಯಾರು ಇದ್ದರು ನಮಗೆ? ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ಶ್ರಾವಣ ಪೂರ್ತಿ ಒಪ್ಪೊತ್ತು, ಬೆಟ್ಟ ಹತ್ತುವವರಿಗೆ ಮೆಟ್ಟಿಲ ಮೇಲೆ ನಿಂತು ಪಾನಕ ಹಂಚುತ್ತಾನೆ. ಹೆಣ್ಣುಮಗುವನ್ನು ಅಪರಿಚಿತರ ಕೈಗೆ ಕೊಡಬಾರದು ಅಂತ ಅವ್ವ ಹೇಳುತ್ತಿದ್ದಳು. ನಾವು ಅದನ್ನು ಚಾಚೂ ತಪ್ಪದೆ ಪಾಲಿಸಿದೆವು. ನಿನ್ನ ಊರಿನಲ್ಲಿ ನಾಲ್ಕನೇ ಕ್ಲಾಸಿನ ಮೇಲೆ ಸ್ಕೂಲಿಲ್ಲ, ನಿನಗೆ ಉಬ್ಬಸ, ಹಾಗಾಗಿ ಸುಮಾಳನ್ನು ಜಾವಗಲ್ಲಿನ ರಂಗನ ಮನೆಯಲ್ಲಿ ಓದಲು ಬಿಟ್ಟೆವು. ಅವಳ ಟ್ರಂಕು ಹೊತ್ತುಕೊಂಡು ಬಸ್ಸು ಹತ್ತಿದವಳೂ ನಾನೇ ಅಲ್ಲವಾ.

ಆ ವರ್ಷ ದಸರಾ ರಜಕ್ಕೆ ಅವಳು ನಮ್ಮ ಮನೆಗೆ ಬಂದಿದ್ದಳು, ನೀನೂ ಬಂದಿದ್ದೆ. ನಾನು ಹಿತ್ತಿಲಲ್ಲಿ ಹುರುಳಿ ಕೇರುತ್ತಿದ್ದೆ. ಮೊರದ ಧೂಳು ಬೀಳುವ ಕಡೆಗೇ ಬಂದು ಕೂತಳು. ಆ ಕಡೆ ಕೂರು ಅಂದರೂ ಏಳಲಿಲ್ಲ. "ಚಿಕ್ಕಮ್ಮ, ನಾನು ಮಾವನ ಮನೆಗೆ ಹೋಗಲ್ಲ" ಅಂದಳು. ಯಾಕೆ ಅಂದೆ. ಮಧ್ಯಾಹ್ನ ಅತ್ತೆ ಮಲಗಿದಾಗ ಕೊಬ್ಬರಿ ಕೋಣೆಗೆ ಕರೆಯುತ್ತಾನೆ ಅಂದಳು. ಆಮೇಲೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ ಅಕ್ಕ, ಅದನ್ನು ಬರೆಯಬೇಕಾದ ಕಾಗದ ಬೇರೆ ಇದೆ. ಒಂಬತ್ತು ವರ್ಷದ ಮಗುವಿಗೆ ಕಟ್ಟಿ ಹೇಳಲು ಬರುವಂಥ ಮಾತುಗಳಲ್ಲ ಅವು. ಅಷ್ಟಾದರೂ ನನಗೆ ಆಗ ಹೊಳೆಯಬೇಕಿತ್ತು. ನನಗೆ ಹೊಳೆದದ್ದು ಕೈ ಎತ್ತುವುದು. ಕೆನ್ನೆಗೆ ಬಾರಿಸಿದೆ.

"ಸೋದರಮಾವನ ಮ್ಯಾಲೆ ಹಿಂಗೆಲ್ಲ ಅಂತಾರೇನೇ? ಯಾರೇ ಹೇಳ್ಕೊಟ್ಟಿದ್ದು ನಿಂಗೆ?"

ಅವಳು ಅಳಲಿಲ್ಲ. "ಯಾರೂ ಹೇಳ್ಕೊಟ್ಟಿಲ್ಲ" ಅಂದಳು ಅಷ್ಟೆ.

ಸುಮ್ಮನೆ ತಳ್ಳಿಹಾಕಿಬಿಟ್ಟಿದ್ದರೂ ಒಂದು ಥರ ಇರುತ್ತಿತ್ತೇನೋ. ನಾನು ನ್ಯಾಯ ಮಾಡಲು ಹೋದೆ. ನಮ್ಮ ಮನೆತನದಲ್ಲಿ ಯಾವ ಜಗಳವೂ ಸ್ಟೇಷನ್ನು ಕಂಡಿದ್ದಿಲ್ಲ, ಎಲ್ಲವೂ ಬೆಟ್ಟದ ಮೇಲೇ ತೀರಿದ್ದು. ಬದುವಿನ ಜಗಳ, ಕಳುವಾದ ಸರ, ಮಾವನವರ ಕಾಲದ ಪಾಲು, ಎಲ್ಲಕ್ಕೂ ಒಂದೇ ದಾರಿ. ಸ್ವಾಮಿಯ ಎದುರಿಗೆ ಕರ್ಪೂರ ಹಚ್ಚುವುದು, "ನಾನು ಹೇಳಿದ್ದು ಸತ್ಯ" ಅಂತ ಅಂಗೈಯಲ್ಲಿ ಅದನ್ನು ಆರಿಸುವುದು. ಸುಳ್ಳು ಹೇಳುವವನು ಕೈ ಇಡುವುದಿಲ್ಲ ಅಂತ ನಮ್ಮ ನಂಬಿಕೆ. ಹಾಗಾಗಿ ರಂಗನಿಗೆ ಹೇಳಿಕಳಿಸಿದೆ. ಅವನು ಮಾರನೆ ದಿನವೇ ಬಂದ, ಸಿಟ್ಟು ಮಾಡಲಿಲ್ಲ. "ಮಗು ಚಿಕ್ಕಕ್ಕ, ಏನೋ ಅಂದದೆ. ನಿನ್ ಸಮಾಧಾನಕ್ಕೆ ಬೆಟ್ಟಕ್ಕೇ ಹೋಗವ" ಅಂದ. ಆ ದಿನ ನಮ್ಮ ಮನೆಯಲ್ಲೇ ಉಳಿದ. ಸುಮಾಳಿಗೆ ಪೆಪ್ಪರಮಿಂಟು ತಂದಿದ್ದ, ಹಿತ್ತಿಲಿಗೆ ಕರೆದುಕೊಂಡು ಹೋಗಿ ಅದೇನೋ ಮಾತಾಡಿಸಿದ. ಒಳ್ಳೆ ಮನಸ್ಸು ಇವನದು ಅಂದುಕೊಂಡೆ ನಾನು.

ನಾವು ಮೂವರೇ ಬೆಟ್ಟ ಹತ್ತಿದೆವು. ಹರಕೆ ಇದೆ ಅಂತ ನಿನಗೆ ಸುಳ್ಳು ಹೇಳಿ ಹೋಗಿದ್ದೆ. ಮೇಲೆ ಮಂಟಪದ ಮೂಲೆಯಲ್ಲಿ ವೀಳ್ಯದೆಲೆಯ ಮೇಲೆ ಕರ್ಪೂರ ಇಟ್ಟು ನಾನೇ ಕಡ್ಡಿ ಗೀರಿದೆ. ರಂಗ ಕಣ್ಣು ಮುಚ್ಚಿದ, "ಗೋವಿಂದ" ಅಂದ, "ನನ್ನಿಂದ ಏನೂ ತಪ್ಪಾಗಿಲ್ಲ, ಆಗಿದ್ದರೆ ನನ್ ವಂಶ ಇಲ್ಲಿಗೇ ನಿಲ್ಲಲಿ" ಅಂತ ಅಂಗೈ ಒತ್ತಿ ಆರಿಸಿದ. ಕೈ ನಡುಗಲಿಲ್ಲ.

ಇನ್ನೊಂದು ಬಿಲ್ಲೆ ಹಚ್ಚಿದೆ. "ಈಗ ನೀನು. ನೀ ಹೇಳಿದ್ದು ದಿಟವಾದ್ರೆ ಆರ್ಸು" ಅಂದೆ. ಸುಮಾ ಕರ್ಪೂರವನ್ನೇ ನೋಡುತ್ತ ನಿಂತಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

"ಆರ್ಸೇ."

"ಆಗಲ್ಲ."

"ಹಂಗಾರೆ ಸುಳ್ಳು ಹೇಳ್ದೆ ಅಂತ ಒಪ್ಕೊ."

ಒಪ್ಪಿಕೊಳ್ಳಲೂ ಇಲ್ಲ. ಕರ್ಪೂರ ಉರಿದು ಉರಿದು ತಾನೇ ಆರಿತು. ಎಲೆಯ ಮೇಲೆ ಕರಿ ಗುರುತು ಉಳಿಯಿತು. "ಸಾಕ್ ಬಿಡು ಚಿಕ್ಕಕ್ಕ, ಸ್ವಾಮಿ ತೋರ್ಸಿದನಲ್ಲ. ಮಗೀನ ಬೈಬ್ಯಾಡ" ಅಂತ ರಂಗ ಅವಳ ತಲೆ ಸವರಿದ. ನಾನು ಅವಳಿಗೆ ಅಲ್ಲೇ ಮೂರು ಸುತ್ತು ಉರುಳುಸೇವೆ ಮಾಡಿಸಿದೆ, ತಪ್ಪುಕಾಣಿಕೆ ಅಂತ. ಮಂಡಿ ತರಚಿದ್ದಕ್ಕೆ ಅರಿಸಿನ ಹಚ್ಚಿದವಳು ನೀನು. ಮೆಟ್ಟಿಲಲ್ಲಿ ಬಿದ್ದಳು ಅಂದಿದ್ದೆ ನಿನಗೆ.

ರಜ ಮುಗಿದ ಮೇಲೆ ಅವಳನ್ನು ವಾಪಸು ಜಾವಗಲ್ಲಿಗೆ ಬಿಟ್ಟುಬಂದೆ. ಅದಾದ ಮೇಲೆ ಎರಡು ವರ್ಷ ಅಲ್ಲಿದ್ದಳು. ಎರಡು ವರ್ಷ, ಅಕ್ಕ.

ನಮ್ಮ ಕಣ್ಣಿಗೆ ಏನೂ ಬೀಳಲಿಲ್ಲ ಅನ್ನುವ ಹಾಗಿಲ್ಲ. ಅಷ್ಟು ದೊಡ್ಡ ಹುಡುಗಿ ಹಾಸಿಗೆ ಒದ್ದೆ ಮಾಡಿಕೊಳ್ಳತೊಡಗಿದಳು, ನೀನು ಬೈದೆ. ಒಂದು ದಿನ ಸೊಂಟದವರೆಗಿದ್ದ ಜಡೆಯನ್ನು ತಾನೇ ಕತ್ತರಿಸಿಕೊಂಡು ಬಂದಳು, ಗಾಳಿ ಸೋಕಿದೆ ಅಂತ ನಾನು ತಾಯತ ಕಟ್ಟಿಸಿದೆ. ಗಂಡಸರು ಯಾರಾದರೂ ಜಗುಲಿಗೆ ಬಂದರೆ ಒಳಕೋಣೆ ಸೇರುತ್ತಿದ್ದಳು, ಎಷ್ಟು ನಾಚಿಕೆಯ ಹುಡುಗಿ ಅಂತ ನೆರೆಯವರು ಹೊಗಳಿದರು. ಓದಿನಲ್ಲಿ ಹಿಂದೆ ಬಿದ್ದಳು, ದಡ್ಡಿ ಅಂದೆವು. ಪ್ರತಿಯೊಂದಕ್ಕೂ ನಮ್ಮ ಹತ್ತಿರ ಒಂದು ಹೆಸರಿತ್ತು. ಅವಳು ಹೇಳಿದ್ದೊಂದನ್ನು ಬಿಟ್ಟು. ಏಳನೇ ಕ್ಲಾಸು ಮುಗಿದ ಮೇಲೆ ಹಟ ಹಿಡಿದು ಹಾಸ್ಟೆಲ್ಲು ಸೇರಿದಳು. ಅಲ್ಲಿ ಒಂದೇ ವರ್ಷಕ್ಕೆ ಕ್ಲಾಸಿಗೇ ಮೊದಲು ಬಂದಳು. ಆಗಲಾದರೂ ನಾವು...

ನೀನು ಹೋದಾಗ ಅವಳಿಗೆ ಹದಿನೈದು. ನಿನ್ನನ್ನು ನಡುಮನೆಯಲ್ಲಿ ಮಲಗಿಸಿದ್ದೆವು. ಅವಳು ಹತ್ತಿರ ಬರಲಿಲ್ಲ. ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ನಿಂತಿದ್ದಳು. ಹೆತ್ತ ತಾಯಿಯ ಬಾಯಿಗೆ ನೀರು ಬಿಡಲೂ ಬರಲಿಲ್ಲವಲ್ಲ, ಎಂಥ ಕಲ್ಲು ಮನಸ್ಸು ಅಂತ ಹೆಂಗಸರು ಆಡಿಕೊಂಡರು. ನಾನೂ ಆಡಿದೆ.

ಈಗ ನಾನು ಅಂಗನವಾಡಿಯಲ್ಲಿ ಸಹಾಯಕಿ. ಮಕ್ಕಳಿಗೆ ಅಡಿಗೆ ಮಾಡುತ್ತೇನೆ, ಮೂಗು ಒರೆಸುತ್ತೇನೆ. ಹೋದ ವರ್ಷ ಹಳೇಬೀಡಿನಲ್ಲಿ ನಮಗೆಲ್ಲ ಎರಡು ದಿನದ ತರಬೇತಿ ಇಟ್ಟಿದ್ದರು. ಹಾಸನದಿಂದ ಒಬ್ಬ ಮೇಡಂ ಬಂದಿದ್ದರು. ಮಧ್ಯಾಹ್ನ ಊಟ ಆದ ಮೇಲೆ ಬಾಗಿಲು ಹಾಕಿಸಿ, "ಮಕ್ಕಳ ಮೈಮೇಲೆ ಕೈ ಹಾಕೋರು ಯಾರು ಹೇಳಿ ನೋಡೋಣ" ಅಂದರು. ಮೊದಲು ಎಲ್ಲರೂ ಸೆರಗು ಬಾಯಿಗೆ ಹಿಡಿದು ನಕ್ಕರು. ಆಮೇಲೆ ಬಾಯಿ ಬಿಟ್ಟರು.

"ಲಾರಿ ಡ್ರೈವರ್‌ಗಳು."

"ಕುಡುಕ್ರು ಮೇಡಂ, ಕುಡಿದೋರಿಗೆ ಗ್ಯಾನ ಇರಲ್ಲ."

"ಅವೆಲ್ಲ ಬೆಂಗಳೂರ್ನಾಗೆ. ನಮ್ ಕಡೆ ಎಲ್ಲೈತೆ?"

ನಮ್ಮ ಪಕ್ಕದ ಊರಿನ ಗೌರಮ್ಮ ಅಂತ, ಬಾಯಿ ಜೋರು. "ನಮ್ಮೂರ್ ಗಂಡಸ್ರಿಗೆ ಹೆಂಡ್ತೀರ್ನ ಕಂಡ್ರೇ ಭಯ ಮೇಡಂ, ಇನ್ ಮಕ್ಕಳ್ ತಂಟೆಗೆ ಎಲ್ ಹೋದಾರು!" ಅಂದಳು. ಹಾಲ್ ಎಲ್ಲ ನಗು. ಗಂಡುಮಕ್ಕಳಿಗೂ ಹೀಗಾಗುತ್ತದೆ ಅಂತ ಮೇಡಂ ಅಂದಾಗ ಇನ್ನೊಬ್ಬಳು, "ಗಂಡ್ ಹುಡುಗ್ರಿಗೇನಾಯ್ತದೆ, ಒದ್ದು ಓಡೋಯ್ತವೆ" ಅಂದಳು.

ಮೇಡಂ ವಾದ ಮಾಡಲಿಲ್ಲ. ಒಬ್ಬೊಬ್ಬರ ಕೈಗೂ ಒಂದು ಅವರೆಕಾಳು, ಒಂದು ಹುರುಳಿಕಾಳು ಕೊಟ್ಟರು. ಮೂಲೆಯಲ್ಲಿ ಒಂದು ಮಡಕೆ, ಅದರ ಬಾಯಿಗೆ ಬಟ್ಟೆ. "ನಿಮಗೇ ಚಿಕ್ಕಂದಿನಲ್ಲಿ ಆಗಿದ್ದರೆ, ಇಲ್ಲ ನಿಮಗೆ ಗೊತ್ತಿರೋ ಮಗುವಿಗೆ ಆಗಿದ್ದರೆ ಅವರೆ ಹಾಕಿ. ಇಲ್ಲದಿದ್ದರೆ ಹುರುಳಿ. ಉಳಿದ ಕಾಳನ್ನು ಕಿಟಕಿಯಿಂದ ಆಚೆ ಎಸೆಯಿರಿ. ಯಾರು ಏನು ಹಾಕಿದರು ಅಂತ ಯಾರಿಗೂ ಗೊತ್ತಾಗಲ್ಲ" ಅಂದರು. ಸಾಲಾಗಿ ಹೋದೆವು. ಅಂದು ಏಕಾದಶಿ, ನಾನು ಬೆಳಿಗ್ಗೆಯಿಂದ ಬರೀ ನೀರು ಕುಡಿದುಕೊಂಡಿದ್ದೆ. ಮಡಕೆಯೊಳಗೆ ಕೈ ಇಟ್ಟು ಹುರುಳಿ ಹಾಕಿದೆ.

ಮಡಕೆಯನ್ನು ಜಮಖಾನದ ಮೇಲೆ ಬೋರಲು ಹಾಕಿದರು. ನಾನು ಎಣಿಸಲಿಲ್ಲ. ಎಣಿಸದೆಯೂ ಕಾಣುತ್ತಿತ್ತು. ಅವರೆಕಾಳು ಅಲ್ಲಲ್ಲಿ ಒಂದೊಂದು ಇರಲಿಲ್ಲ, ರಾಶಿಯಲ್ಲೇ ಬೆರೆತಿದ್ದವು. ಮೇಡಂ ಇನ್ನೊಂದು ಪ್ರಶ್ನೆ ಕೇಳಿದರು: "ಅವರೆ ಹಾಕಿದವರು ಮನಸ್ಸಲ್ಲೇ ನೆನೆಸಿಕೊಳ್ಳಿ. ಅವನು ಲಾರಿ ಡ್ರೈವರಾ? ಮನೆಗೆ ಬಂದು ಹೋಗುವವನಾ? ನೀವೇ ಮಣೆ ಹಾಕಿ ಊಟಕ್ಕೆ ಬಡಿಸಿದವನಾ?" ವಾಪಸು ಬರುವ ಬಸ್ಸಿನಲ್ಲಿ ಗೌರಮ್ಮ ನನ್ನ ಪಕ್ಕ ಕೂತಿದ್ದಳು. ಅರ್ಧ ದಾರಿಯಲ್ಲಿ ಕಿಟಕಿ ಕಡೆ ನೋಡುತ್ತಲೇ, "ಅವರೆ ಹಾಕೋಳು ನಾನೊಬ್ಳೇ ಅಂದ್ಕೊಂಡಿದ್ದೆ ಕಣೆ ಲಚ್ಚಮ್ಮ" ಅಂದಳು.

ಮನೆಗೆ ಬಂದು ಕೈಕಾಲು ತೊಳೆದು ದೀಪ ಹಚ್ಚಿದೆ. ಪಟದ ಮುಂದೆ ಕೈ ಮುಗಿಯಲು ಆಗಲಿಲ್ಲ. ಏಕಾದಶಿಯ ಮಡಿಯಲ್ಲಿದ್ದವಳು, ದೇವರಿಗೆ ಹೆದರುವವಳು, ಯಾರೂ ನೋಡದ ಕಡೆ ಸುಳ್ಳು ಕಾಳು ಹಾಕಿ ಬಂದಿದ್ದೆ. ನನ್ನ ಕೈಯೂ ನಡುಗಿರಲಿಲ್ಲ. ಹಾಗಾದರೆ ಅವತ್ತು ಬೆಟ್ಟದ ಮೇಲೆ ರಂಗನ ಕೈ ನಡುಗಲಿಲ್ಲ ಅನ್ನುವುದಕ್ಕೆ ಏನು ಅರ್ಥ? ಹದಿಮೂರು ವರ್ಷ ನಾನು ಒಂದೇ ಮಾತನ್ನು ನಂಬಿಕೊಂಡಿದ್ದೆ, ಕಳ್ಳ ಕರ್ಪೂರಕ್ಕೆ ಹೆದರುತ್ತಾನೆ ಅಂತ. ದೊಡ್ಡವರಿಗೆ ರೂಢಿ ಇರುತ್ತದೆ ಅಕ್ಕ. ನಿಜವಾಗಿ ಹೆದರುವುದು ಮಗು.

ಮಾರನೆ ವಾರ ಬೇಲೂರು ಬಸ್ಸು ಹಿಡಿದು ಗೆಂಡೆಹಳ್ಳಿಗೆ ಹೋದೆ. ಸುಮಾ ಅಲ್ಲಿ ನರ್ಸಮ್ಮ, ಹಳ್ಳಿ ಹಳ್ಳಿ ಸುತ್ತಿ ಮಕ್ಕಳಿಗೆ ಸೂಜಿ ಹಾಕುತ್ತಾಳೆ. ಇದು ನೀನು ಕೇಳದೇ ಹೋದ ಸುದ್ದಿ. ಬಿಳಿ ಸೀರೆ, ಕೈಯಲ್ಲಿ ವಾಚು, ಜಡೆ ಮತ್ತೆ ಬೆಳೆಸಿದ್ದಾಳೆ. ನನ್ನನ್ನು ನೋಡಿ ಚಾಪೆ ಹಾಕಿದಳು, ಕಾಫಿ ಕೊಟ್ಟಳು. ನಾನು ಕಾಫಿ ಪಕ್ಕಕ್ಕಿಟ್ಟು ಕೇಳಿದೆ: "ಸುಮಾ, ಅವತ್ತು ಕರ್ಪೂರ ಯಾಕವ್ವ ಆರಿಸ್ಲಿಲ್ಲ?"

"ಇದನ್ನ ಕೇಳೋಕೆ ನಿಂಗೆ ಇಷ್ಟು ವರ್ಷ ಬೇಕಾಯ್ತಾ ಚಿಕ್ಕಮ್ಮ?" ಅಂದಳು. ಆಮೇಲೆ ಹೇಳಿದಳು. ಹಿಂದಿನ ದಿನ ಹಿತ್ತಿಲಿನಲ್ಲಿ ಪೆಪ್ಪರಮಿಂಟು ಕೊಟ್ಟು ಅವನು ಅಂದನಂತೆ, "ದೇವರ ಮುಂದೆ ನನ್ನ ಮೇಲೆ ಆಣೆ ಇಟ್ಟರೆ ನಿಮ್ಮಮ್ಮನ ಉಸಿರು ಅಲ್ಲೇ ನಿಲ್ಲುತ್ತೆ" ಅಂತ. ಬೆಟ್ಟಕ್ಕೆ ಹೊರಟ ಬೆಳಿಗ್ಗೆ ನಿನಗೆ ಉಬ್ಬಸ ಎದ್ದಿತ್ತು. ಗೋಡೆಗೆ ಒರಗಿ ಕೂತು ಉಸಿರು ಎಳೆಯುತ್ತಿದ್ದೆಯಲ್ಲ, ಅದನ್ನು ನೋಡಿಕೊಂಡೇ ಬಂದಿದ್ದಳು ಮಗು.

ನಿನ್ನನ್ನು ಉಳಿಸಿಕೊಳ್ಳಲು ಕೈ ಬೆನ್ನ ಹಿಂದೆ ಕಟ್ಟಿಕೊಂಡಳು ಅಕ್ಕ. ಹೇಳಿದ್ದು ಸುಳ್ಳು ಅಂತಲೂ ಒಪ್ಪಿಕೊಳ್ಳಲಿಲ್ಲ. ಎರಡನ್ನೂ ಮಾಡದೆ ನಿಂತಳು. ನಾನು ಅದನ್ನು ಅಪರಾಧ ಅಂತ ಓದಿಕೊಂಡೆ.

"ಅಮ್ಮ ಸತ್ತಾಗ ನಾನೇ ಕೊಂದೆ ಅಂದ್ಕೊಂಡಿದ್ದೆ" ಅಂದಳು. "ಆಣೆ ಇಡದೇ ಇದ್ರೂ ನಿನ್ ಹತ್ರ ಹೇಳಿದ್ನಲ್ಲ, ಅದಕ್ಕೇ ಸ್ವಾಮಿ ಕಿತ್ಕೊಂಡ ಅಂತ. ನರ್ಸಿಂಗಲ್ಲಿ ಉಬ್ಬಸದ ಪಾಠ ಓದೋವರ್ಗೂ ಹಂಗೇ ಅಂದ್ಕೊಂಡಿದ್ದೆ." ಅದಕ್ಕೇ ಅವತ್ತು ಕೊಟ್ಟಿಗೆಯಲ್ಲಿ ನಿಂತಿದ್ದಳು. ಅದಕ್ಕೇ ನಿನ್ನ ಬಾಯಿಗೆ ನೀರು ಬಿಡಲಿಲ್ಲ. ನಿನಗೆ ತಿಳಿಸಬೇಕು ಅಂತ ಇದ್ದದ್ದು ಮುಖ್ಯವಾಗಿ ಇದು. ಅವಳದು ಕಲ್ಲು ಮನಸ್ಸಲ್ಲ.

ನಾನು ಕಾಲು ಮುಟ್ಟಲು ಬಗ್ಗಿದೆ. ಅವಳು ಹಿಂದಕ್ಕೆ ಸರಿದಳು. "ಅದೆಲ್ಲ ಬೇಡ. ಬೇಕಾದಾಗ ಬಂದು ಹೇಳು, ಅಷ್ಟು ಸಾಕು" ಅಂದಳು. ಬೇಕಾದಾಗ ಅಂದರೆ ಯಾವಾಗ ಅಂತ ಆಗ ನನಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ.

ಆ ದಿನ ಈಗ ಬಂದಿದೆ. ಜಾವಗಲ್ಲಿನ ಆ ಮಗುವಿನ ಹೆಸರು ಬರೆಯುವುದಿಲ್ಲ. ಅವರಮ್ಮ ಭಾಗ್ಯ ಅಂತ, ಹೂ ಕಟ್ಟಿ ಮಾರುತ್ತಾಳೆ, ರಂಗನ ಕೊಬ್ಬರಿ ಮಂಡಿಯ ಎದುರಿಗೇ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಮಗು ಹೇಳಿದ್ದನ್ನು ಅವಳು ಕೇಳಿದ ಕೂಡಲೇ ನಂಬಿದಳು. ಇಷ್ಟು ಸಣ್ಣ ಕೆಲಸ ನನ್ನಿಂದ ಆಗಲಿಲ್ಲ ನೋಡು. ಊರಿನವರು ಅವಳಿಗೆ ಏನೇನಂದರು! ಹೂ ಮಾರೋಳು ದುಡ್ಡಿಗೋಸ್ಕರ ಹೇಳಿಸ್ತಾವಳೆ ಅಂದರು. ಟೀವಿ ನೋಡಿ ಮಕ್ಕಳು ಕೆಟ್ಟಿವೆ ಅಂದರು. ಆಗಿದ್ದರೆ ಮಗು ಕಿರುಚುತ್ತಿರಲಿಲ್ಲವಾ ಅಂದರು. ಅಷ್ಟು ದೈವಭಕ್ತ ರಂಗಣ್ಣ, ಅವನ ಮೇಲೆ ಹೇಳಲು ಬಾಯಾದರೂ ಹೇಗೆ ಬಂತು ಅಂದರು. ಹದಿನಾಲ್ಕು ವರ್ಷದ ಹಿಂದೆ ನಾನೊಬ್ಬಳೇ ಅಂದುಕೊಂಡಿದ್ದನ್ನು ಈಗ ಊರಿಗೆ ಊರೇ ಅನ್ನುತ್ತಿದೆ. ಭಾಗ್ಯ ಮಗುವನ್ನು ಕರೆದುಕೊಂಡು ಗೆಂಡೆಹಳ್ಳಿಯ ತವರಿಗೆ ಹೋದಳು. ಅಲ್ಲಿ ಮಗುವಿಗೆ ಜ್ವರ. ಔಷಧಿ ಕೊಡಲು ಬಂದ ನರ್ಸಮ್ಮ ನಿನ್ನ ಮಗಳು. ಜಾವಗಲ್ಲಿನ ಕೊಬ್ಬರಿ ಮಂಡಿ ಅಂತ ಕೇಳಿದ ಮೇಲೆ ಸುಮಾ ಬೇರೆ ಏನನ್ನೂ ಕೇಳಲಿಲ್ಲವಂತೆ. ನಂಗೂ ಅಲ್ಲೇ ಆಯ್ತು ಅಂತ ಭಾಗ್ಯಳ ಜೊತೆ ಸ್ಟೇಷನ್ನಿಗೆ ಹೋಗಿ ಹೇಳಿದಳು.

ಬುಧವಾರ ರಂಗ ಬಂದಿದ್ದ. ಗೌರಿ ಹಬ್ಬಕ್ಕೆ ಇನ್ನೂ ದಿನ ಇದೆ, ಆಗಲೇ ಮೊರದ ಬಾಗಿನ ತಂದಿದ್ದ. ಸೀರೆ, ಬಳೆ, ಬೆಲ್ಲ, ಕೊಬ್ಬರಿ. ಪ್ರತಿ ವರ್ಷ ತರುವುದಕ್ಕಿಂತ ಜಾಸ್ತಿಯೇ. ಜಗುಲಿ ಮೇಲೆ ಇಟ್ಟು ಕೂತ. ಮುಖ ಇಳಿದಿತ್ತು. ವಯಸ್ಸಾಗಿದೆ ಅವನಿಗೂ. ಒಂದು ಗಳಿಗೆ ನನಗೆ ಅವನನ್ನು ಸೊಂಟದ ಮೇಲೆ ಹೊತ್ತು ಆಡಿಸಿದ್ದು ನೆನಪಾಯಿತು, ಸುಳ್ಳು ಹೇಳುವುದಿಲ್ಲ.

"ಚಿಕ್ಕಕ್ಕ, ಸುಮಾ ಎಂಥ ಮಾತಾಡ್ತಾವ್ಳೆ ಕೇಳ್ದಾ? ಅದು ಅವತ್ತೇ ಬೆಟ್ಟದ್ ಮ್ಯಾಲೆ ತೀರೋಗಿತ್ತಲ್ವಾ? ನೀನೇ ಕರ್ಪೂರ ಹಚ್ಚಿದ್ದು. ನಾ ಆರ್ಸಿದ್ದೂ ನೋಡಿದ್ದೀಯ, ಅವಳು ಆರಿಸ್ದೆ ನಿಂತಿದ್ದೂ ನೋಡಿದ್ದೀಯ. ನಾಕನೇ ಶನಿವಾರ ಬೆಟ್ಟಕ್ಕೆ ಬಂದು ಎಲ್ಲಾರ ಮುಂದೆ ಅಷ್ಟು ಹೇಳ್ಬುಡು, ಸಾಕು."

ನನಗೆ ಆಗ ಅರ್ಥವಾಯಿತು ಅಕ್ಕ. ಇಬ್ಬರೂ ನನ್ನ ಹತ್ತಿರ ಬೇಡುತ್ತಿರುವುದು ಅದೇ ಒಂದು ದಿನವನ್ನು.

"ರಂಗ, ಹಿಂದಿನ ದಿವ್ಸ ಹಿತ್ಲಲ್ಲಿ ಮಗೀಗೆ ಏನ್ ಹೇಳ್ದೆ?" ಅಂತ ಕೇಳಿದೆ.

ಅವನು ಯಾವ ಹಿತ್ತಿಲು ಅನ್ನಲಿಲ್ಲ, ಯಾವ ಮಗು ಅನ್ನಲಿಲ್ಲ. "ತವರು ಬ್ಯಾಡ್ವಾ ನಿಂಗೆ?" ಅಂದ. ನಾನು ಕೇಳಿದ್ದಕ್ಕೆ ಉತ್ತರ ಅದೇ ಅಂತ ತಿಳಿದುಕೊಂಡೆ.

ಬಾಗಿನವನ್ನು ಸೆರಗೊಡ್ಡಿ ತೆಗೆದುಕೊಳ್ಳಬೇಕು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತೆ. "ತಕ್ಕೊಂಡೋಗು" ಅಂದೆ. ಗಾಡಿಗೆ ಮೊರ ಕಟ್ಟಿಕೊಳ್ಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. ನಾನು ಸಹಾಯ ಮಾಡಲಿಲ್ಲ.

ಸಂಜೆ ಇವರಿಗೆ ಹೇಳಿದೆ. "ಒಡಹುಟ್ಟಿದೋನು ಕಣೆ. ಅವನ್ ಬಿಟ್ರೆ ನಿನ್ ಕಡೆಯೋರು ಅಂತ ಇನ್ಯಾರವ್ರೆ?" ಅಂದರು. ಸುಮಾ ಇದ್ದಾಳೆ ಅಂದೆ. ಇವರು ಬೀಡಿ ಸೇದಿ ಮುಗಿಸಿ, "ಬರೆಯೋದಾದ್ರೆ ಪೂರ್ತಿ ಬರಿ. ನೀನ್ ಹೊಡ್ದಿದ್ದೂ ಬರಿ, ಉರುಳುಸೇವೆ ಮಾಡ್ಸಿದ್ದೂ ಬರಿ. ಅರ್ಧ ಬರುದ್ರೆ ಯಾರೂ ನಂಬಲ್ಲ" ಅಂದರು. ಇವರ ಬಾಯಲ್ಲಿ ಇಷ್ಟು ಬುದ್ಧಿಮಾತು ಬಂದಿದ್ದು ಮದುವೆಯಾದ ಮೇಲೆ ಇದೇ ಮೊದಲು ಅಂದರೆ ನೀನು ನಗುತ್ತಿದ್ದೆ.

ಪೂರ್ತಿ ಬರೆದಿದ್ದೇನೆ. ಈ ಕಾಗದದ ಮಧ್ಯೆ ಮಧ್ಯೆ ಎದ್ದು ಆ ಕಾಗದ ಬರೆದೆ. ಹುರುಳಿ ಕೇರುತ್ತಿದ್ದದ್ದು, ಅವಳು ಹೇಳಿದ ಮಾತುಗಳು ಒಂದೂ ಬಿಡದೆ, ನಾನು ಕೊಟ್ಟ ಏಟು, ಪೆಪ್ಪರಮಿಂಟು, ಎರಡು ಕರ್ಪೂರ, ಉರುಳುಸೇವೆ, ನಿನಗೆ ಹೇಳಿದ ಸುಳ್ಳು. ಕೊನೆಯಲ್ಲಿ, ಕರ್ಪೂರ ಆರಿಸದಿದ್ದದ್ದು ಮಗುವಿನ ತಪ್ಪಲ್ಲ, ಮಗುವನ್ನು ಕರ್ಪೂರದ ಮುಂದೆ ನಿಲ್ಲಿಸಿದ್ದು ನನ್ನ ತಪ್ಪು ಅಂತ ಬರೆದು ರುಜು ಹಾಕಿದ್ದೇನೆ. ಪಟದ ಮುಂದೆ ಇಟ್ಟು ಕೈ ಮುಗಿದೆ. ಆಣೆ ಗೀಣೆ ಮಾಡಲಿಲ್ಲ. ಅದರ ಮೇಲಿನ ನಂಬಿಕೆ ಹೋಗಿದೆ, ಸ್ವಾಮಿಯ ಮೇಲಿನದು ಹೋಗಿಲ್ಲ. ಎರಡೂ ಒಂದೇ ಅಂದುಕೊಂಡಿದ್ದೆ ಇಷ್ಟು ದಿನ.

ಬರುವ ಶನಿವಾರ ನಾನು ಮಾಲೇಕಲ್ಲಿಗೆ ಹೋಗುತ್ತೇನೆ. ಮೇಲಕ್ಕೆ ಹತ್ತುವುದಿಲ್ಲ. ಮೊದಲ ಬಸ್ಸಿಗೇ ಹೋಗಿ ಕೆಳಗಿನ ಮೆಟ್ಟಿಲ ಮೇಲೆ ಕೂರುತ್ತೇನೆ. ಭಾಗ್ಯಳ ಮಗುವನ್ನು ಯಾರಾದರೂ ಕರೆದುಕೊಂಡು ಬಂದರೆ, ನನ್ನನ್ನು ದಾಟಿ ಹೋಗಬೇಕು. ಇದು ನಿನಗೆ ಕೊಡುವ ಮಾತು. ಹದಿನಾಲ್ಕು ವರ್ಷದ ಹಿಂದೆ ಆ ಮೆಟ್ಟಿಲ ಮೇಲೆ ಯಾರಾದರೂ ಹೀಗೆ ಕೂತಿದ್ದಿದ್ದರೆ...

ಕಾಗದವನ್ನು ಟಪಾಲಿಗೆ ಹಾಕುವುದಿಲ್ಲ. ಹಾಕಿದ್ದು ಯಾವಾಗ ತಲುಪುತ್ತದೋ, ಯಾರ ಕೈ ದಾಟಿ ಹೋಗುತ್ತದೋ. ಹಿಂದೆ ಒಂದು ಸಲ ಅವಳು ನನ್ನ ಕೈಗೆ ಕೊಟ್ಟದ್ದನ್ನು ನಾನು ಬಿಸಾಕಿದ್ದೆ. ಇದನ್ನಾದರೂ ನನ್ನ ಕೈಯಿಂದ ಅವಳ ಕೈಗೇ ಕೊಡಬೇಕು. ಈಗ ಎಸ್‌ಟಿಡಿ ಬೂತಿಗೆ ಹೋಗುತ್ತೇನೆ. ಗೆಂಡೆಹಳ್ಳಿಯ ಅಂಗಡಿಯೊಂದರ ನಂಬರು ಕೊಟ್ಟಿದ್ದಾಳೆ, ಅವರು ಕೂಗಿ ಕರೆಯುತ್ತಾರಂತೆ. ಅವಳು ಸಿಗದಿದ್ದರೆ ಫೋನು ಎತ್ತಿದವರಿಗೇ ಹೇಳುತ್ತೇನೆ: ನರ್ಸಮ್ಮನಿಗೆ ತಿಳಿಸಿ, ಅವರ ಚಿಕ್ಕಮ್ಮ ಉತ್ತರ ಬರೆದಿಟ್ಟಿದ್ದಾಳೆ, ನಾಳೆ ಬಂದು ತಗೊಂಡು ಹೋಗಲಿ.

ನಿನ್ನ ತಂಗಿ,
ಲಚ್ಚಿ